ಕಿರುರೈಲಿನ ಪಕ್ಕದ ಕಾರ್ಖಾನೆ

ಮಾದರಿ ರೈಲೆಂದರೆ ಮಕ್ಕಳ ಆಟಿಕೆಯೆಂಬ ಭಾವನೆ ನಮ್ಮಲ್ಲಿ ಸಾಮಾನ್ಯವಾಗಿದೆ. ಅಮೆರಿಕ, ಇಂಗ್ಲೆಂಡ್, ಜರ್ಮನಿಗಳಲ್ಲಿ ಇದು ವಯಸ್ಕರು ವರ್ಷಗಟ್ಟಲೆ ತೊಡಗಿಕೊಳ್ಳುವ ಗಂಭೀರ ಹವ್ಯಾಸ. ಹಳಿಯ ಮೇಲೆ ಓಡುವ ಗಾಡಿಯನ್ನು ಅಂಗಡಿಯಿಂದ ಕೊಂಡು ತರಬಹುದು. ಹಳಿಯ ಪಕ್ಕದ ಕಾರ್ಖಾನೆ, ಗೋದಾಮುಗಳನ್ನು ನಿಜವೆಂಬಂತೆ ತೋರಿಸುವುದೇ ಕಷ್ಟದ ಕೆಲಸ. ಅದರ ಬಗೆಯನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಅಮೆರಿಕದಲ್ಲಿ ಬಹುವಾಗಿ ಬಳಕೆಯಲ್ಲಿರುವ ಎಚ್.ಓ. ಎಂಬ ಪ್ರಮಾಣದಲ್ಲಿ ನಿಜವಸ್ತುವಿನ ಒಂದು ಅಡಿ 3.5 ಮಿಲಿಮೀಟರಿಗೆ ಇಳಿಯುತ್ತದೆ. ಅಂದರೆ ಸುಮಾರು 87ರಲ್ಲಿ ಒಂದು ಭಾಗ. ಆರಡಿಯ ಆಳು 21 ಮಿಲಿಮೀಟರ್ ಆಗುತ್ತಾನೆ. 8 ಅಂಗುಲದ ಇಟ್ಟಿಗೆ 2.3 ಮಿಲಿಮೀಟರ್. ಇಟ್ಟಿಗೆಗಳ ನಡುವಣ ಗಾರೆಯ ಗೆರೆ ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟೇ ಉಳಿಯುತ್ತದೆ. ಅದನ್ನು ಕುಂಚದಿಂದ ಎಳೆಯಲಾಗದು. ಗೋಡೆಯ ಮೇಲೆಲ್ಲ ತೆಳುವಾದ ಬೂದುಬಣ್ಣವನ್ನು ಹರಿಯಬಿಟ್ಟು, ಒಡನೆಯೇ ಬಟ್ಟೆಯಿಂದ ಒರೆಸಿದರೆ ಬಣ್ಣ ಗೆರೆಗಳಲ್ಲಿ ಮಾತ್ರ ನಿಲ್ಲುತ್ತದೆ. ಪ್ಲಾಸ್ಟಿಕ್ಕಿನ ಹೊಳಪನ್ನೂ ಕೊಲ್ಲಬೇಕು. ಹೊಳಪೇ ಆಟಿಕೆಯ ಗುಟ್ಟನ್ನು ಬಯಲುಮಾಡುವುದು.

ಇನ್ನು ಮಸಿ ಮತ್ತು ತುಕ್ಕು. ಪಾಶ್ಚಾತ್ಯರು ಇಂಡಿಯಾ ಇಂಕ್ ಎಂದು ಕರೆಯುವ ಕಪ್ಪು ಶಾಯಿಯ ಕೆಲವೇ ಹನಿಗಳನ್ನು ಒಂದು ಸೀಸೆ ಆಲ್ಕೊಹಾಲಿನಲ್ಲಿ ಬೆರೆಸಿ ಹಚ್ಚಿದರೆ ಮೂಲೆ, ಸಂದುಗಳು ಕಪ್ಪಡರುತ್ತವೆ. ಸೀಮೆಸುಣ್ಣದಂಥ ಬಣ್ಣದ ಕಡ್ಡಿಗಳನ್ನು ಪುಡಿಮಾಡಿ ತುಕ್ಕನ್ನು ತೋರಿಸುವುದುಂಟು. ಆದರೆ ಕೈಚಳಕಕ್ಕಿಂತ ಮುಖ್ಯವಾದುದು ಕಾರಣಜ್ಞಾನ. ತುಕ್ಕಿನ ಕಲೆ ಕಬ್ಬಿಣದ ಮೊಳೆ, ಬೋಲ್ಟುಗಳ ಕೆಳಗೇ ಇಳಿಯಬೇಕು. ನೀರಿನ ಕಲೆ ಒಡೆದ ದೋಣಿಯ ಕೆಳಗೇ ಇರಬೇಕು. ಮಸಿ ಹೊಗೆಕೊಳವೆಯ ಬಾಯಲ್ಲಿ ದಟ್ಟವಾಗಿ, ದೂರ ಸರಿದಂತೆ ತೆಳುವಾಗಬೇಕು. ಎಲ್ಲ ಗೋಡೆಗಳಿಗೂ ಒಂದೇ ಸಮನೆ ಕಪ್ಪು ಬಳಿಯುವವರಿದ್ದಾರೆ. ಅದು ನಾಟಕದ ಮುದುಕನ ತಲೆಗೆ ಹಿಟ್ಟು ಸುರಿದಂತಾಗುವುದೇ ಹೊರತು ಮುಪ್ಪೆನಿಸದು.

ಕಟ್ಟಡದ ಆಕಾರಕ್ಕೂ ಇದೇ ಮಾತು ಸಲ್ಲುತ್ತದೆ. ವಿದ್ಯುತ್ತು ಬರುವ ಮುನ್ನ ಅಮೆರಿಕದ ಗಿರಣಿಗಳಲ್ಲಿ ಯಂತ್ರಗಳೆಲ್ಲವೂ ಒಂದೇ ಉದ್ದನೆಯ ತಿರುಗುದಂಡಕ್ಕೆ ಪಟ್ಟಿಗಳಿಂದ ಜೋಡಣೆಗೊಂಡಿದ್ದವು. ಬೆಳಕಿಗಾದರೋ ಕಿಟಕಿಗಳೇ ಗತಿ. ಆದುದರಿಂದಲೇ ಆ ಕಟ್ಟಡಗಳು ನೀಳವಾಗಿ, ಕಿರಿದಾಗಿ, ಸಾಲುಕಿಟಕಿಗಳಿಂದ ಕೂಡಿವೆ. ಗರಗಸದ ಹಲ್ಲಿನಂಥ ಮಾಡುಗಳಲ್ಲಿ ಗಾಜು ಉತ್ತರಕ್ಕೆ ಮುಖಮಾಡಿರುತ್ತದೆ. ಉತ್ತರಾರ್ಧಗೋಳದಲ್ಲಿ ಆ ದಿಕ್ಕಿನಿಂದ ಬಿಸಿಲು ನೇರವಾಗಿ ಬೀಳದೆ ಸಮನಾದ ಬೆಳಕು ದೊರೆಯುವುದೇ ಕಾರಣ. ದಕ್ಷಿಣಕ್ಕೆ ತಿರುಗಿಸಿಟ್ಟ ಮಾದರಿ ಎಷ್ಟೇ ಅಂದವಾಗಿದ್ದರೂ ಬಲ್ಲವರ ನಗೆಗೆ ಗುರಿಯಾದೀತು. ಸರಕಿನ ಕಟ್ಟೆಯ ಎತ್ತರ ಗಾಡಿಯ ನೆಲಕ್ಕೆ ಸಮವಾಗಿ, ಹಳಿಯಿಂದ 12ರಿಂದ 14 ಮಿಲಿಮೀಟರ್ ಇರಬೇಕು. ಇಲ್ಲವಾದರೆ ಹಮಾಲಿಯು ಮೂಟೆಯನ್ನು ಹೇಗೆ ಸಾಗಿಸಿಯಾನು? ಕಲ್ಲಿದ್ದಲು ಎಲ್ಲಿ ಇಳಿಯುತ್ತದೆ, ಬೂದಿ ಎಲ್ಲಿಂದ ಹೊರಬೀಳುತ್ತದೆ ಎಂಬುದನ್ನು ನಿರ್ಧರಿಸದೆ ಬಾಯ್ಲರ್ ಮನೆಯನ್ನು ಕಟ್ಟಲಾಗದು. ಒಂದೆರಡು ತೆರೆದ ಕಿಟಕಿ, ಒಂದು ಒಡೆದ ಗಾಜು, ಮಾಸಿದ ಗೋಡೆಬರಹ ಇಷ್ಟು ಸಾಕು; ಹೆಚ್ಚಾದರೆ ಹಾಳುಮನೆಯಾದೀತು.

ಈ ಮಾರ್ಗವನ್ನು ಜನಪ್ರಿಯಗೊಳಿಸಿದವರಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರಿಯಲ್ಲಿದ್ದ ಜಾನ್ ಅಲೆನ್ ಅಗ್ರಗಣ್ಯರು. ಹೊಚ್ಚಹೊಸದಾಗಿ ಹೊಳೆಯುವ ಮಾದರಿಗಳೇ ಮೆಚ್ಚುಗೆ ಪಡೆಯುತ್ತಿದ್ದ ಕಾಲದಲ್ಲಿ ಅವರು ಮಳೆ, ಬಿಸಿಲು, ಹೊಗೆಗಳಿಗೆ ಸಿಕ್ಕಿ ಸವೆದ ಕಟ್ಟಡಗಳನ್ನು ರಚಿಸಿದರು. ಕನ್ನಡಿಗಳನ್ನು ಮರೆಯಲ್ಲಿಟ್ಟು ಬೀದಿಗಳನ್ನು ಉದ್ದವಾಗಿಸಿ ತೋರಿದರು. ತಮ್ಮ ರೈಲುಮಾರ್ಗಕ್ಕೆ ಅವರಿಟ್ಟ ಹೆಸರು ‘ಗೋರಿ ಅಂಡ್ ಡೆಫೀಟೆಡ್’. ‘ನೆತ್ತರು ಸುರಿಸಿ ಸೋತದ್ದು’ ಎಂಬ ವಿನೋದ ಅದರ ಉಚ್ಚಾರಣೆಯಲ್ಲಡಗಿದೆ. 1973ರ ಜನವರಿಯಲ್ಲಿ ಅಲೆನ್ ತೀರಿಕೊಂಡರು. ಕೆಲವೇ ದಿನಗಳಲ್ಲಿ ಬೆಂಕಿ ಬಿದ್ದು ಆ ಮಾರ್ಗದ ಬಹುಭಾಗ ನಾಶವಾಯಿತು. ಅಲೆನ್ ವೃತ್ತಿಯಿಂದ ಛಾಯಾಗ್ರಾಹಕರಾಗಿದ್ದರು. ಇಂದಿನ ಹವ್ಯಾಸಿಗಳು ಆ ಗೋಡೆಗಳ ಮಸಿಯನ್ನು ಅಭ್ಯಸಿಸುತ್ತಿರುವುದು ಅವರೇ ತೆಗೆದಿಟ್ಟ ಚಿತ್ರಗಳಿಂದ.