ಡ್ರೂ ಆರ್ಮ್ಸ್ ಮತ್ತು ಅದರ ಯಜಮಾನಿ

ಇಂಗ್ಲೆಂಡಿನ ನೈಋತ್ಯ ಭಾಗದ ಡೆವನ್ ಪ್ರಾಂತದಲ್ಲಿ, ಡಾರ್ಟ್‌ಮೂರ್ ಎಂಬ ವಿಸ್ತಾರವಾದ ಬೆಂಗಾಡು ಮುಗಿಯುವ ಅಂಚಿಗೆ, ಟೀನ್ ನದಿಯ ಆಳವಾದ ಕಮರಿಯ ಮೇಲ್ಗಡೆ, ಡ್ರೂಸ್‌ಟೇನ್‌ಟನ್ ಎಂಬ ಪುಟ್ಟ ಗ್ರಾಮವೊಂದುಂಟು. ಗ್ರಾನೈಟಿನ ಹಳೆಯ ಚರ್ಚಿನ ಮಗ್ಗುಲಲ್ಲೇ ಹುಲ್ಲು ಹೊದಿಸಿದ ಮಾಡಿನ ಒಂದು ಉದ್ದನೆಯ ಮನೆಯಿದ್ದು, ಅದೇ ಆ ಊರಿನ ಪಬ್ಬಾದ ಡ್ರೂ ಆರ್ಮ್ಸ್. ಬೆಂಗಳೂರಿನ ಪಬ್ಬುಗಳ ಬಣ್ಣದ ದೀಪಗಳನ್ನೂ ಕಿವಿಗಡಚಿಕ್ಕುವ ವಾದ್ಯಘೋಷವನ್ನೂ ಬಲ್ಲ ವಾಚಕರು ಆ ಚಿತ್ರವನ್ನು ಕ್ಷಣಕಾಲ ಬದಿಗಿಟ್ಟು ಮುಂದೆ ಓದಬೇಕೆಂದು ಪ್ರಾರ್ಥನೆ.

ಹಿಂದೆ ಈ ಮನೆಗೆ ಡ್ರೂಯಿಡ್ ಆರ್ಮ್ಸ್ ಎಂಬ ಹೆಸರಿತ್ತು. ಊರೂರಿಗೂ ದಿನಸಿ ಅಂಗಡಿಗಳನ್ನಿಟ್ಟು, ಅಪಾರ ಧನವನ್ನು ಸಂಪಾದಿಸಿ, ಮೂವತ್ತಮೂರನೆಯ ವಯಸ್ಸಿಗೇ ವ್ಯಾಪಾರದಿಂದ ನಿವೃತ್ತನಾದ ಜೂಲಿಯಸ್ ಡ್ರೂ ಎಂಬ ಧನಿಕನಿಗೆ, ಈ ಗ್ರಾಮಕ್ಕೆ ತನ್ನ ಹೆಸರನ್ನಿತ್ತ ಡ್ರೋಗೋ ಎಂಬ ನಾರ್ಮನ್ ಸಾಮಂತನೇ ತನ್ನ ವಂಶದ ಮೂಲಪುರುಷನೆಂದು ಯಾರೋ ವಂಶಾವಳಿಕಾರರು ನಂಬಿಸಿದರಂತೆ. ನಂಬಿದ ಆತನು 1911ರಲ್ಲಿ ಅಸ್ತಿಭಾರವಿಟ್ಟು, ಎಡ್ವಿನ್ ಲಟ್ಯೆನ್ಸ್ ಎಂಬ ಸುಪ್ರಸಿದ್ಧ ವಾಸ್ತುಶಿಲ್ಪಿಯಿಂದ (ಹೊಸದಿಲ್ಲಿಯ ರಾಷ್ಟ್ರಪತಿ ಭವನವನ್ನು ರಚಿಸಿದವನೂ ಈತನೇ) ಸಮೀಪದ ಗುಡ್ಡದ ನೆತ್ತಿಯಲ್ಲಿ ಕ್ಯಾಸಲ್ ಡ್ರೋಗೋ ಎಂಬ ಕೋಟೆಯನ್ನೇ ಕಟ್ಟಿಸತೊಡಗಿದನು. ಪಬ್ಬಿನ ಹೆಸರೂ ಅವನ ಮನೆತನದ ಹೆಸರಾಯಿತು. ಹಣವಂತರ ಹಂಬಲ ಹಾಗೆಯೇ. ಕೋಟೆಯೊಂದಿಗೆ ಪೂರ್ವಿಕರನ್ನೂ ಕೊಂಡುಕೊಳ್ಳಬಹುದೆಂದು ಭಾವಿಸುವುದು.

ಆದರೆ ಪಬ್ಬಿನ ಕೀರ್ತಿಗೆ ಕಾರಣಳಾದವಳು ಮೇಬಲ್ ಮಡ್ಜ್. 1919ರಲ್ಲಿ ಪತಿ ಅರ್ನೆಸ್ಟನೊಡನೆ ಇದರ ಆಡಳಿತವನ್ನು ಕೈಗೊಂಡ ಆಕೆ, ಪತಿಯ ಮರಣಾನಂತರವೂ ಎದೆಗುಂದದೆ ಅದನ್ನು ನಡೆಸಿಕೊಂಡು ಬಂದು, 1994ರಲ್ಲಿ, ತೊಂಬತ್ತೊಂಬತ್ತನೆಯ ವಯಸ್ಸಿನಲ್ಲಿ ನಿವೃತ್ತಳಾದಳು. ಎಪ್ಪತ್ತೈದು ವರ್ಷಗಳ ಈ ಯಜಮಾನಿಕೆಗೆ ಸರಿದೊರೆಯಾದದ್ದು ದುರ್ಲಭ. ಊರವರಿಗೆ ಆಕೆ 'ಆಂಟಿ ಮೇಬಲ್'.

ಆಕೆಯ ಕಾಲದಲ್ಲಿ ಒಳಹೊಕ್ಕವರಿಗೆ ಗಲ್ಲಾಪೆಟ್ಟಿಗೆಯಿಟ್ಟ ಕಟ್ಟೆಯಾಗಲಿ, ಬಾಟಲಿಗಳ ಸಾಲಾಗಲಿ ಎದುರಾಗುತ್ತಿರಲಿಲ್ಲ. ಗೋಡೆಗಾನಿಸಿದ ಮರದ ಬೆಂಚುಗಳ ಒಂದು ಕೋಣೆ. ಬಿಯರಿನ ಪೀಪಾಯಿಗಳು ಒಳಗಿನ ಇನ್ನೊಂದು ಕೋಣೆಯಲ್ಲಿ ಅಡ್ಡಲಾಗಿ ಮಲಗಿರುತ್ತಿದ್ದವು. ಪಂಪಿನ ಹಂಗಿಲ್ಲದೆ, ಪೀಪಾಯಿಯ ನಲ್ಲಿಯಿಂದಲೇ ಲೋಟಕ್ಕೆ ಹಿಡಿದ ಪಾನೀಯವನ್ನು ಗೋಡೆಯಲ್ಲಿನ ಕಿಂಡಿಯಿಂದ ಈಚೆಗೆ ನೀಡಲಾಗುತ್ತಿತ್ತು. ಬೇರೆಡೆಗಳಲ್ಲಿ ಗೋಡೆಗಳನ್ನೊಡೆದು ಕೋಣೆಗಳನ್ನು ಒಂದುಮಾಡಿ, ಥಳಕಿನ ಸಜ್ಜಿಕೆಗಳನ್ನು ತಂದಿರಿಸಿದ ದಶಕಗಳಲ್ಲಿಯೂ ಈಕೆ ಯಾವುದನ್ನೂ ಬದಲಾಯಿಸಲಿಲ್ಲ. ಇದನ್ನು ಔದಾಸೀನ್ಯವೆನ್ನುವವರು ಎನ್ನಲಿ. ನನ್ನ ಎಣಿಕೆಯಲ್ಲಿ ಪರಂಪರೆಯ ಸಂರಕ್ಷಣೆಗೆ ಇದಕ್ಕಿಂತ ಅಗ್ಗವಾದ, ಇದಕ್ಕಿಂತ ಫಲಕಾರಿಯಾದ ಉಪಾಯವಿಲ್ಲ.

ಇಂಥ ಯಜಮಾನರ ಸ್ಥಾನವು ನಮ್ಮಲ್ಲಿಯ ಹೆಂಡದಂಗಡಿಯ ಗುತ್ತಿಗೆದಾರನಂಥದಲ್ಲ. 1552ರ ಕಾನೂನು ಮದ್ಯದ ಮನೆ ನಡೆಸುವವರು ಸ್ಥಳೀಯ ನ್ಯಾಯಾಧಿಕಾರಿಗಳ ಅನುಮತಿ ಪಡೆಯಬೇಕೆಂದೂ, ಸುವ್ಯವಸ್ಥೆಗಾಗಿ ಮುಚ್ಚಳಿಕೆ ಬರೆದುಕೊಡಬೇಕೆಂದೂ ವಿಧಿಸಿತು; 1830ರಲ್ಲಿ ಮತ್ತೊಂದು ಕಾನೂನು, ತೆರಿಗೆ ತೆರುವ ಯಾವ ಗೃಹಸ್ಥನಾದರೂ ಎರಡು ಗಿನಿ ಕಟ್ಟಿ ತನ್ನ ಮನೆಯಲ್ಲೇ ಬಿಯರ್ ಮಾರಬಹುದೆಂದು ಬಾಗಿಲು ತೆರೆಯಿತು. ಮೇಬಲಳ ಕಾಲದ ಬಹುಭಾಗದಲ್ಲಿ ಪಬ್ಬಿನ ಕಟ್ಟಡವು ಬಹುಮಟ್ಟಿಗೆ ಬಿಯರ್ ತಯಾರಿಸುವ ಕಂಪನಿಯದಾಗಿರುತ್ತಿತ್ತು. ಯಜಮಾನನು ಬಾಡಿಗೆ ಕೊಟ್ಟು, ಆ ಕಂಪನಿಯ ಬಿಯರನ್ನೇ ಮಾರಿ, ಮಹಡಿಯ ಮೇಲೆ ವಾಸಿಸುವ ಒಕ್ಕಲಾಗಿರುತ್ತಿದ್ದನು. ಆದರೂ ಕುಡಿದವನಿಗೆ ಸಾಕೆನ್ನುವ ಹೊಣೆ ಆ ಒಕ್ಕಲಿನದೇ ಹೊರತು ಧಣಿಯದಲ್ಲ. ಮೊದಲ ಮಹಾಯುದ್ಧದಲ್ಲಿ ಮದ್ದುಗುಂಡಿನ ಕಾರ್ಖಾನೆಗಳ ಕೆಲಸ ಕೆಡಬಾರದೆಂದು ಮಧ್ಯಾಹ್ನದ ಹೊತ್ತು ಪಬ್ಬುಗಳನ್ನು ಮುಚ್ಚಿಸಿದ ನಿರ್ಬಂಧವು, ಯುದ್ಧ ಮುಗಿದ ಮೇಲೂ ಉಳಿದು, 1988ರವರೆಗೆ ಜಾರಿಯಲ್ಲಿತ್ತೆಂದ ಮೇಲೆ, ಮೇಬಲ್ ಬಹುತೇಕ ತನ್ನ ಆಯುಷ್ಯವನ್ನೆಲ್ಲ ಆ ಯುದ್ಧಕಾಲದ ಗಡಿಯಾರವನ್ನನುಸರಿಸಿಯೇ ಬಾಗಿಲು ತೆರೆದು ಮುಚ್ಚಿದಳೆನ್ನಬೇಕು.

ಆಕೆ ನಿವೃತ್ತಳಾದಾಗ ಮನೆಯನ್ನು ಹೊಸ ಮಾದರಿಗೆ ತಿದ್ದಿಬಿಡುವರೆಂಬ ಭೀತಿಯಿಂದ ಗ್ರಾಮಸ್ಥರು ಸಂಘಟಿತರಾಗಿ ಹಳೆಯ ರೂಪಕ್ಕಾಗಿ ಪಟ್ಟುಹಿಡಿದರು. ಇನ್ನೂ ಮುಂದೆ ಹೋದ ಊರುಗಳೂ ಉಂಟು: ಉತ್ತರದ ಕಂಬ್ರಿಯಾದ ಹೆಸ್ಕೆಟ್ ನ್ಯೂಮಾರ್ಕೆಟ್ ಗ್ರಾಮದವರು 2003ರಲ್ಲಿ ಸಹಕಾರ ಸಂಘವನ್ನು ಕಟ್ಟಿಕೊಂಡು ತಮ್ಮೂರಿನ ಓಲ್ಡ್ ಕ್ರೌನ್ ಪಬ್ಬನ್ನು ತಾವೇ ಕೊಂಡರು. ಯಜಮಾನನಿಲ್ಲದೆ ಮುಚ್ಚಿಹೋಗುವ ಪಬ್ಬಿಗೆ ಊರೇ ಯಜಮಾನನಾಗುವ ಈ ಮಾರ್ಗವನ್ನು ಅಲ್ಲಿಂದೀಚೆಗೆ ಅನೇಕ ಗ್ರಾಮಗಳು ಹಿಡಿದಿವೆ.

ಮೇಬಲ್ 1996ರಲ್ಲಿ, ನೂರೊಂದನೆಯ ವಯಸ್ಸಿನಲ್ಲಿ ತೀರಿಕೊಂಡಳು. ಆ ಸೀಮೆಗೆ ಹೋಗುವ ಕನ್ನಡಿಗರು ಸಾಮಾನ್ಯವಾಗಿ ಲಟ್ಯೆನ್ಸನ ಕೋಟೆಯನ್ನಷ್ಟೇ ನೋಡಿ ಹಿಂದಿರುಗುವರು. ಪಬ್ಬು ತೆರೆದಿರುವ ವೇಳೆಯನ್ನು ಮುಂಚಿತವಾಗಿ ವಿಚಾರಿಸಿಕೊಂಡು ಹಳ್ಳಿಯತ್ತಲೂ ಹೋಗಿಬರಲಿ, ಮದ್ಯ ಮುಟ್ಟದವರಿಗೆ ಅಲ್ಲಿ ನಿಂಬೆಯ ಪಾನಕವೂ ದೊರೆತೀತು.