ಸಾಹೇಬರ ಇನ್‌ಬಾಕ್ಸ್ ಯಾರ ಕೈಯಲ್ಲಿದೆ?

"ಸರ್, ಒಂದು ಒಟಿಪಿ ಬಂದಿರುತ್ತೆ, ಸ್ವಲ್ಪ ಹೇಳ್ತೀರಾ?" ಸಭೆಯ ನಡುವೆ ಫೋನ್ ಕಿವಿಗಿಟ್ಟುಕೊಂಡು ಆರು ಅಂಕಿಗಳನ್ನು ಪಿಸುಗುಡುವ ಮೇಲಧಿಕಾರಿಯನ್ನು ನೋಡದವರು ನಮ್ಮಲ್ಲಿ ಕಡಿಮೆ. ಆ ಕಡೆ ಇರುವವರು ಅವರ ಪಿ.ಎ., ಇಲ್ಲವೇ ಕಂಪ್ಯೂಟರ್ ಆಪರೇಟರ್, ಅದೂ ಇಲ್ಲದಿದ್ದರೆ ಪಕ್ಕದ ಮೇಜಿನ ಚುರುಕು ಸಹೋದ್ಯೋಗಿ. ಮೇಲ್ ತೆರೆದು ಓದುವುದು, ಉತ್ತರ ಹಾಕುವುದು, ಯಾರನ್ನು ಎಷ್ಟು ಹೊತ್ತಿಗೆ ಭೇಟಿ ಮಾಡಬೇಕೆಂದು ಗೊತ್ತುಮಾಡುವುದು ಎಲ್ಲವೂ ಅವರದೇ. ಪಾಸ್‌ವರ್ಡು ಮಾನಿಟರಿನ ಅಂಚಿಗೆ ಅಂಟಿಸಿದ ಚೀಟಿಯಲ್ಲಿರುತ್ತದೆ. ಸಾಹೇಬರ ಹೆಸರಿನಲ್ಲಿ ಹೋಗುವ ಮೇಲ್‌ಗಳಲ್ಲಿ ಸಾಹೇಬರು ಬರೆದದ್ದೆಷ್ಟು ಎಂದು ಕೇಳುವ ಗೋಜಿಗೆ ಯಾರೂ ಹೋಗುವುದಿಲ್ಲ.

ಕೆಲಸ ಹಂಚಿಕೊಳ್ಳುವುದರಲ್ಲಿ ಯಾವ ತಪ್ಪೂ ಇಲ್ಲ. ಬೆಳಗಿನಿಂದ ಸಂಜೆಯವರೆಗೆ ಇನ್‌ಬಾಕ್ಸ್ ತೊಳೆಯುತ್ತ ಕೂರುವ ವ್ಯವಸ್ಥಾಪಕರಿಂದ ಸಂಸ್ಥೆಗೂ ಲಾಭವಿಲ್ಲ. ಸರ್ಕಾರಿ ಕಚೇರಿಗಳು ಇದನ್ನು ಎಷ್ಟೋ ಹಿಂದೆಯೇ ಅರಿತಿದ್ದವು. ಟಪಾಲು ಬಂದರೆ ಮೊದಲು ಆವಕ ವಹಿಯಲ್ಲಿ ನಮೂದಾಗಬೇಕು, ಆಮೇಲೆ ವಿಷಯ ನಿರ್ವಾಹಕರ ಮೇಜು, ಅವರ ಟಿಪ್ಪಣಿ, ಅದರ ಮೇಲೆ ಮೇಲಿನವರ ಷರಾ. ಅಧಿಕಾರಿಯ ಬದಲು ಬೇರೊಬ್ಬರು ಸಹಿ ಹಾಕಿದರೆ ಕೆಳಗೆ ‘ಪರವಾಗಿ’ ಎಂದು ಬರೆಯುತ್ತಿದ್ದರು. ಯಾರು ಬರೆದರು, ಯಾರು ಕಳಿಸಿದರು ಎನ್ನುವುದಕ್ಕೆಲ್ಲ ಕಾಗದದ ಮೇಲೆ ಗುರುತು ಉಳಿಯುತ್ತಿತ್ತು. ಕಚೇರಿ ಕಂಪ್ಯೂಟರಿಗೆ ಬಂದಾಗ ಈ ಶಿಸ್ತೇ ಕಳಚಿಬಿತ್ತು. ಪಾಸ್‌ವರ್ಡು ಒಂದೇ ಆದರೆ ಒಳಗೆ ಕೂತವರು ಮೂವರಾದರೂ ಯಂತ್ರಕ್ಕೆ ಕಾಣುವುದು ಒಬ್ಬರೇ.

ಇದರಿಂದ ಎಂಥ ರಾದ್ಧಾಂತ ಆಗಬಹುದು ಎನ್ನುವುದಕ್ಕೆ ದೇಶವೇ ನೋಡಿದ ಉದಾಹರಣೆಯಿದೆ. ತೃಣಮೂಲ ಕಾಂಗ್ರೆಸ್ಸಿನ ಮಹುವಾ ಮೊಯಿತ್ರಾ ಅವರನ್ನು 2023ರ ಡಿಸೆಂಬರ್ 8ರಂದು ಲೋಕಸಭೆಯಿಂದ ಉಚ್ಚಾಟಿಸಿದರು. ಸಂಸದರು ಪ್ರಶ್ನೆ ಸಲ್ಲಿಸುವ ಪೋರ್ಟಲಿನ ಲಾಗಿನ್ ವಿವರವನ್ನು ಅವರು ಉದ್ಯಮಿಯೊಬ್ಬರಿಗೆ ಕೊಟ್ಟಿದ್ದರು ಎನ್ನುವುದು ನೀತಿ ಸಮಿತಿ ಎತ್ತಿಹಿಡಿದ ಮುಖ್ಯ ಆರೋಪ. ಲಾಗಿನ್ ಕೊಟ್ಟದ್ದನ್ನು ಒಪ್ಪಿಕೊಂಡ ಮೊಯಿತ್ರಾ, ಪ್ರಶ್ನೆ ಕೇಳಲು ಹಣ ಪಡೆದ ಆರೋಪವನ್ನು ಅಲ್ಲಗಳೆದರು. ಪ್ರಶ್ನೆ ತಮ್ಮದೇ, ಟೈಪ್ ಮಾಡಿದ್ದಷ್ಟೇ ಬೇರೆಯವರು ಎಂದರು. 2024ರ ಚುನಾವಣೆಯಲ್ಲಿ ಕೃಷ್ಣನಗರದಿಂದಲೇ ಮತ್ತೆ ಗೆದ್ದು ಬಂದರು. ರಾಜಕೀಯದ ಸರಿತಪ್ಪು ಇಲ್ಲಿ ಬೇಡ. ಸಹಾಯಕರಿಂದ ಟೈಪ್ ಮಾಡಿಸುವುದು ಎಲ್ಲ ಕಚೇರಿಗಳಲ್ಲೂ ನಡೆಯುವಂಥದ್ದು. ಹಾಗೆ ಟೈಪ್ ಮಾಡಿದವರು ಯಾರೆಂದು ದಾಖಲೆಯಲ್ಲಿ ಕಾಣದಿದ್ದರೆ ಪ್ರತಿ ಅಕ್ಷರದ ಹೊಣೆಯೂ ಹೆಸರಿನ ಒಡೆಯರ ಕೊರಳಿಗೇ ಬೀಳುತ್ತದೆ.

ಹಾಗಾದರೆ ಪಾಸ್‌ವರ್ಡ್ ಕೊಡದೆ ಕೆಲಸ ಒಪ್ಪಿಸುವುದು ಹೇಗೆ? ದಾರಿ ನಮ್ಮೆಲ್ಲರ ಕಂಪ್ಯೂಟರಿನಲ್ಲೇ ಇದೆ, ಬಳಸುವವರು ಕಡಿಮೆ. ಜಿಮೇಲಿನ ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್ಸ್ ವಿಭಾಗಕ್ಕೆ ಹೋದರೆ ಇನ್ನೊಬ್ಬರನ್ನು ಡೆಲಿಗೇಟ್ ಆಗಿ ಸೇರಿಸಬಹುದು. ಸಾಮಾನ್ಯ ಖಾತೆಗೆ 10 ಜನರವರೆಗೆ ಅವಕಾಶ. ಕಚೇರಿಯ ಖಾತೆಯಾದರೆ ಅಡ್ಮಿನ್ ಅನುಮತಿ ಕೊಟ್ಟಿರಬೇಕು. ಡೆಲಿಗೇಟ್ ಆದವರು ತಮ್ಮ ಖಾತೆಯಿಂದಲೇ ನಿಮ್ಮ ಮೇಲ್ ಓದುತ್ತಾರೆ, ಕಳಿಸುತ್ತಾರೆ, ಅಳಿಸುತ್ತಾರೆ. ಪಾಸ್‌ವರ್ಡ್ ಬದಲಿಸಲು, ನಿಮ್ಮ ಪರವಾಗಿ ಚಾಟ್ ಮಾಡಲು ಅವರಿಗೆ ಆಗದು. ಒಟಿಪಿಗಾಗಿ ಫೋನ್ ಬರುವ ಪ್ರಶ್ನೆಯೇ ಇಲ್ಲ. ಬೇಕೆಂದರೆ ಮೇಲ್ ಪಡೆದವರಿಗೆ ನಿಮ್ಮ ಹೆಸರಿನ ಜೊತೆ ಅದನ್ನು ಕಳಿಸಿದವರ ವಿಳಾಸವೂ ಕಾಣುತ್ತದೆ. ಔಟ್‌ಲುಕ್‌ನಲ್ಲಿ ಇನ್ನೂ ನಾಜೂಕಾದ ಏರ್ಪಾಡಿದೆ: ಇನ್‌ಬಾಕ್ಸಿಗೆ ಓದುವ ಹಕ್ಕು ಮಾತ್ರ, ಕ್ಯಾಲೆಂಡರಿಗೆ ತಿದ್ದುವ ಹಕ್ಕೂ ಸೇರಿ, ಹೀಗೆ ಬೇರೆಬೇರೆಯಾಗಿ ಕೊಡಬಹುದು. ಜಿಮೇಲಿನಲ್ಲಿ ಆ ಆಯ್ಕೆ ಸಿಗುವುದಿಲ್ಲ, ಕೊಟ್ಟರೆ ಪೂರ್ತಿ ಇನ್‌ಬಾಕ್ಸ್. ಮೊದಲ ಕೆಲವು ವಾರ ಉತ್ತರಗಳನ್ನು ಡ್ರಾಫ್ಟಿನಲ್ಲಿ ಬರೆದಿಡಲು ಹೇಳಿ, ನೀವೇ ಓದಿ ಕಳಿಸುವುದು ವಾಸಿ. ನಿಮ್ಮ ಮಾತಿನ ಧಾಟಿ ಅವರಿಗೆ ಹಿಡಿಯುವುದು ಹಾಗೆಯೇ.

ಮೇಲ್‌ಗಿಂತ ಕಷ್ಟದ್ದು ಕ್ಯಾಲೆಂಡರು. ಬರೆದ ಉತ್ತರವನ್ನು ತಿದ್ದಬಹುದು, ಕೊಟ್ಟ ಹೊತ್ತನ್ನು ವಾಪಸು ಪಡೆಯುವುದು ಕಷ್ಟ. ಎಲೆಕ್ಟ್ರಾನಿಕ್ ಸಿಟಿಯಲ್ಲಿ 3ಕ್ಕೆ ಮುಗಿಯುವ ಸಭೆಯ ಬೆನ್ನಿಗೇ ಮಾನ್ಯತಾ ಟೆಕ್ ಪಾರ್ಕಿನಲ್ಲಿ 3.30ಕ್ಕೆ ಇನ್ನೊಂದನ್ನು ಕೂರಿಸಲು ತಂತ್ರಾಂಶಕ್ಕೆ ಯಾವ ಹಿಂಜರಿಕೆಯೂ ಇಲ್ಲ, ನಡುವೆ ಸಿಲ್ಕ್ ಬೋರ್ಡ್ ಇದೆ ಎನ್ನುವುದು ಅದಕ್ಕೆ ಸಂಬಂಧಿಸಿದ ವಿಷಯವಲ್ಲ. ಒಳ್ಳೆಯ ಸಹಾಯಕರು ದಾರಿಯ ಹೊತ್ತನ್ನೂ ಒಂದು ಸಭೆಯೆಂಬಂತೆ ಬರೆದಿಡುತ್ತಾರೆ. ಅಮೆರಿಕದವರೊಂದಿಗೆ ಕೆಲಸ ಮಾಡುವವರಿಗೆ ಇನ್ನೊಂದು ಕಾಟ. ಕ್ಯಾಲಿಫೋರ್ನಿಯಾದ ಬೆಳಗಿನ 8 ಗಂಟೆ ಬೇಸಗೆಯಲ್ಲಿ ನಮಗೆ ರಾತ್ರಿ 8.30, ಅವರು ನವೆಂಬರಿನ ಮೊದಲ ಭಾನುವಾರ ಗಡಿಯಾರ ಹಿಂದಕ್ಕೆ ತಿರುಗಿಸಿದ ಮೇಲೆ 9.30. ಊಟದ ಹೊತ್ತಿಗೆ ಮನೆಯಲ್ಲಿರುತ್ತೇನೆಂದು ಮಾತು ಕೊಟ್ಟವರ ಲೆಕ್ಕಾಚಾರ ಆ ವಾರ ತಲೆಕೆಳಗು. ಇನ್ನು ಕರಾರಿಗೆ ಸಹಿ ಹಾಕುವುದಿದ್ದರೆ ಶುಕ್ರವಾರ 10.30ರಿಂದ 12 ಬೇಡ, ರಾಹುಕಾಲ ಎನ್ನುವ ಮಾಲೀಕರು ಬೆಂಗಳೂರಿನಲ್ಲಿ ಬೇಕಾದಷ್ಟಿದ್ದಾರೆ. ನಂಬುತ್ತೀರೋ ಬಿಡುತ್ತೀರೋ, ಅದು ಸಹಾಯಕರಿಗೆ ಮೊದಲೇ ಗೊತ್ತಿರಬೇಕು.

ಇವೆಲ್ಲ ಬಾಯಲ್ಲಿ ಹೇಳಿ ಮರೆಯುವ ಸಂಗತಿಗಳಲ್ಲ. ಯಾರಿಗೆ ಕೇಳದೆಯೇ ಹೊತ್ತು ಕೊಡಬಹುದು, ಯಾರ ಮೇಲ್ ಬಂದರೆ ತಕ್ಷಣ ಫೋನ್ ಮಾಡಬೇಕು, ಎಷ್ಟು ಮೊತ್ತದವರೆಗಿನ ವಿಷಯಕ್ಕೆ ‘ಸರಿ’ ಎನ್ನಬಹುದು, ಯಾವ ಹೊತ್ತನ್ನು ಮುಟ್ಟಲೇಬಾರದು ಎಂದು ಒಂದು ಹಾಳೆಯಲ್ಲಿ ಬರೆದುಕೊಡದವರು ಆಮೇಲೆ ಸಹಾಯಕರ ಮೇಲೆ ರೇಗುವುದು ನ್ಯಾಯವಲ್ಲ. ಅದರಲ್ಲೂ ‘ಇಲ್ಲ’ ಎನ್ನುವ ಅಧಿಕಾರ ಕೊಡದೆ ಕ್ಯಾಲೆಂಡರ್ ಮಾತ್ರ ಕೊಟ್ಟರೆ, ಅವರು ಬಂದವರಿಗೆಲ್ಲ ಹೊತ್ತು ಹಂಚಿ ನಿಮ್ಮನ್ನು ರಾತ್ರಿಯವರೆಗೆ ಕೂರಿಸುತ್ತಾರೆ.

ಕ್ಯಾಲೆಂಡರಿನಲ್ಲಿ ಅವಿತಿರುವ ಒಂದು ಗುಂಡಿಯನ್ನೂ ಹೇಳಬೇಕು. ಗೂಗಲ್ ಕ್ಯಾಲೆಂಡರಿನಲ್ಲಿ ಡಾಕ್ಟರ ಭೇಟಿಯನ್ನೋ ಬೇರೆ ಕಂಪನಿಯ ಇಂಟರ್‌ವ್ಯೂವನ್ನೋ ‘ಪ್ರೈವೇಟ್’ ಎಂದು ಗುರುತಿಸಿದರೆ ಯಾರಿಗೂ ಕಾಣದು ಎಂಬ ನಂಬಿಕೆಯಿದೆ. ತಿದ್ದುವ ಹಕ್ಕು ಪಡೆದವರಿಗೆ ಅದೂ ಸ್ಪಷ್ಟವಾಗಿ ಕಾಣುತ್ತದೆ. ಖಾಸಗಿ ಸಂಗತಿಗೆ ಬೇರೆ ಕ್ಯಾಲೆಂಡರ್ ಇಟ್ಟುಕೊಂಡು, ಕಚೇರಿಯದರಲ್ಲಿ ‘ಬಿಡುವಿಲ್ಲ’ ಎಂದಷ್ಟೇ ಬರೆಯುವುದು ಸುರಕ್ಷಿತ.

ಮೇಲ್ ವಿಷಯದಲ್ಲೂ ಇಂಥದೇ ಒಂದು ಗೆರೆ ಇದೆ, ಅದನ್ನು ಕಾನೂನೇ ಎಳೆದಿದೆ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ ದೂರಿನ ವಿವರ, ದೂರಿತ್ತವರ ಗುರುತು ಹೊರಗೆ ಗೊತ್ತಾಗುವಂತಿಲ್ಲ. ಇಂಥ ದೂರು ವಿಚಾರಿಸುವ ಆಂತರಿಕ ಸಮಿತಿಗೆ ಹಿರಿಯ ಹುದ್ದೆಯ ಮಹಿಳೆಯೇ ಅಧ್ಯಕ್ಷೆಯಾಗಿರಬೇಕು. ಹಿರಿಯ ಹುದ್ದೆಯವರೆಂದರೆ ಅವರ ಮೇಲ್ ನೋಡಲು ಬೇರೊಬ್ಬರಿರುವ ಸಂಭವವೇ ಹೆಚ್ಚು! ಹೆದರಿಕೊಂಡೇ ದೂರು ಬರೆದ ಹುಡುಗಿಯ ಪತ್ರವನ್ನು ಮೊದಲು ಓದುವವರು ಯಾರು ಎಂದು ಎಷ್ಟು ಕಂಪನಿಗಳು ಯೋಚಿಸಿವೆಯೋ. ಸಮಿತಿಗೇ ಪ್ರತ್ಯೇಕ ವಿಳಾಸ ಮಾಡಿಸುವುದು ಕಷ್ಟದ ಕೆಲಸವೇನಲ್ಲ.

ಪಾಸ್‌ವರ್ಡಿಗಿಂತ ಹಗುರವಾಗಿ ಕೈಬದಲಾಗುವ ಇನ್ನೊಂದು ವಸ್ತು ಡಿಜಿಟಲ್ ಸಹಿಯ ಡಾಂಗಲ್. ಕಕ್ಷಿದಾರರ ಡಾಂಗಲ್‌ಗಳನ್ನು ಡಬ್ಬಿಯಲ್ಲಿ ತುಂಬಿಟ್ಟುಕೊಂಡ ಆಡಿಟರ್ ಕಚೇರಿಗಳು ಎಲ್ಲ ಊರುಗಳಲ್ಲೂ ಸಿಗುತ್ತವೆ. ಅದರೊಳಗಿನ ಖಾಸಗಿ ಕೀಲಿಯನ್ನು ತನ್ನ ಹತೋಟಿಯಲ್ಲೇ ಇಟ್ಟುಕೊಳ್ಳುವ ಹೊಣೆ ಆ ಸಹಿಯನ್ನು ತನ್ನ ಹೆಸರಿನಲ್ಲಿ ಪಡೆದವನದು ಎಂದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 42ನೇ ಸೆಕ್ಷನ್ ಹೇಳುತ್ತದೆ. ಮೇಲ್‌ಗೆ ಡೆಲಿಗೇಟ್ ಇರಬಹುದು, ಸಹಿಗೆ ಇಲ್ಲ.

ಇಷ್ಟು ಹೊತ್ತು ಮಾಲೀಕರ ಕಡೆಯಿಂದ ನೋಡಿದ್ದಾಯಿತು. ಸಹಾಯಕರ ಕಡೆಯಿಂದ ನೋಡಿದರೆ ಹೆಸರು ಕಾಣಬೇಕು ಎನ್ನುವುದಕ್ಕೆ ಬೇರೆಯದೇ ಅರ್ಥ ಬರುತ್ತದೆ. ಮಹಾದೇವ ದೇಸಾಯಿ 1917ರಲ್ಲಿ ಗಾಂಧೀಜಿಯ ಕಾರ್ಯದರ್ಶಿಯಾಗಿ ಸೇರಿದವರು, 1942ರ ಆಗಸ್ಟ್ 15ರಂದು ಪುಣೆಯ ಆಗಾಖಾನ್ ಅರಮನೆಯ ಸೆರೆಯಲ್ಲಿ ತೀರಿಕೊಳ್ಳುವವರೆಗೂ ಆ ಕೆಲಸದಲ್ಲೇ ಇದ್ದವರು. 1927ರ ಬೇಸಗೆಯಲ್ಲಿ ಗಾಂಧೀಜಿ ಆರೋಗ್ಯ ಸುಧಾರಿಸಿಕೊಳ್ಳಲು ನಂದಿ ಬೆಟ್ಟದಲ್ಲಿ ತಂಗಿದ್ದಾಗಲೂ ಜೊತೆಗಿದ್ದರು. ಪತ್ರವ್ಯವಹಾರ, ಭೇಟಿಗಳು, ಪತ್ರಿಕೆಯ ಬರಹ ಎಲ್ಲಕ್ಕೂ ಅವರೇ ಆಸರೆ. ಆದರೆ ‘ಹರಿಜನ’ ಪತ್ರಿಕೆಯಲ್ಲಿ ತಾವೇ ಬರೆದ ಲೇಖನಗಳ ಕೆಳಗೆ ಎಂ.ಡಿ. ಎಂಬ ತಮ್ಮ ಹೆಸರಿನ ಮೊದಲ ಅಕ್ಷರಗಳಿರುತ್ತಿದ್ದವು. ಆ ಎರಡು ಅಕ್ಷರಗಳನ್ನು ನೋಡಿದ ಓದುಗರಿಗೆ ಮಾತು ಯಾರದೆಂದು ತಿಳಿಯುತ್ತಿತ್ತು, ಬರೆದವರ ಶ್ರಮಕ್ಕೂ ಒಂದು ಗುರುತು ಸಿಗುತ್ತಿತ್ತು. ನಮ್ಮ ಕಚೇರಿಗಳಲ್ಲಿ ಮೇಲ್ ಚೆನ್ನಾಗಿದ್ದರೆ ಹೊಗಳಿಕೆ ಸಾಹೇಬರಿಗೆ, ಕೆಟ್ಟರೆ ಬೈಗುಳ ಅದನ್ನು ಬರೆದ ಸಹಾಯಕಿಗೆ. ಸಂಬಳದ ಪಟ್ಟಿ, ಯಾರನ್ನು ತೆಗೆಯುತ್ತಾರೆ ಎಂಬ ಚರ್ಚೆ ಎಲ್ಲ ಕಣ್ಣಿಗೆ ಬಿದ್ದರೂ ಊಟದ ಮೇಜಿನಲ್ಲಿ ಏನೂ ಗೊತ್ತಿಲ್ಲದವಳಂತೆ ಕೂರಬೇಕಾದವಳೂ ಅವಳೇ. ಈ ಭಾರಕ್ಕೆ ಅವಳ ಹುದ್ದೆಯಲ್ಲಾಗಲಿ ಸಂಬಳದಲ್ಲಾಗಲಿ ಬೆಲೆ ಸಿಗದಿದ್ದರೆ ಅದನ್ನು ಸಹಕಾರವೆಂದು ಕರೆಯಲು ನನಗೆ ಮನಸ್ಸು ಬಾರದು.

ಕೊನೆಗೆ ಅವಳೂ ಒಂದು ದಿನ ಬೇರೆ ಕೆಲಸಕ್ಕೆ ಹೊರಡುತ್ತಾಳೆ. ಪಾಸ್‌ವರ್ಡ್ ಚೀಟಿಯ ಕಚೇರಿಯಾದರೆ ಅದೇ ಚೀಟಿ ಹೊಸಬರಿಗೆ, ಹೋದವಳ ಫೋನಿನಲ್ಲೂ ಸಾಹೇಬರ ಮೇಲ್ ತೆರೆದೇ ಇರುತ್ತದೆ. ಡೆಲಿಗೇಟ್ ಆಗಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಅವಳ ಹೆಸರು ಅಳಿಸಿದರೆ ಮುಗಿಯಿತು, ಕ್ಯಾಲೆಂಡರಿನ ಹಂಚಿಕೆಯನ್ನು ಮಾತ್ರ ಬೇರೆಯಾಗಿ ತೆಗೆಯಬೇಕು, ಅದನ್ನೇ ಹೆಚ್ಚಿನವರು ಮರೆಯುವುದು. ಪ್ರಭಾರ ವಹಿಸಿಕೊಡುವಾಗ ಬರೆಯುವ ಪಟ್ಟಿಯಲ್ಲಿ ಬೀರುವಿನ ಕೀಲಿ, ಮೊಹರು, ಕಡತಗಳ ಸಂಖ್ಯೆ ಎಲ್ಲ ಇರುತ್ತವೆ. ಅದರ ಕೆಳಗೆ ಇನ್ನೆರಡು ಸಾಲು ಸೇರಿಸಿದರೆ ಸಾಕು: ಮೇಲ್‌ನ ಡೆಲಿಗೇಟ್ ಹೆಸರು ತೆಗೆದ ದಿನಾಂಕ, ಕ್ಯಾಲೆಂಡರಿನದು ತೆಗೆದ ದಿನಾಂಕ.