ವಾರಕ್ಕೆ ಮೂರು ದಿನ ದುಡಿದರೆ ಸಂಬಳದ ರಜೆ ಎಷ್ಟು?

ಕಳೆದ ಈದ್‌ಗೆ ಹತ್ತು ದಿನ ಇರುವಾಗ ನನ್ನ ತಂಗಿಯ ಮಗಳು ಇಂಗ್ಲೆಂಡಿನಿಂದ ಫೋನ್ ಮಾಡಿದಳು. ಆಕೆ ಅಲ್ಲಿ ಎಂ.ಎಸ್ಸಿ. ಓದುತ್ತಿದ್ದಾಳೆ. ಜೊತೆಗೆ ಒಂದು ಅಂಗಡಿಯಲ್ಲಿ ಮಂಗಳವಾರ, ಗುರುವಾರ, ಶನಿವಾರ ತಲಾ ಆರು ಗಂಟೆಯ ಕೆಲಸ. "ಮಾಮು, ಈದ್‌ಗೆ ರಜೆ ಕೇಳಿದೆ. ಪಾರ್ಟ್ ಟೈಮ್‌ನವರಿಗೆ ಸಂಬಳದ ರಜೆ ಇಲ್ಲ, ಬೇಕಿದ್ದರೆ ಆ ದಿನದ ಸಂಬಳ ಬಿಟ್ಟು ಮನೆಯಲ್ಲಿರು ಅಂದರು" ಎಂದಳು. ಅವಳ ದನಿಯಲ್ಲಿ ಸಿಟ್ಟಿಗಿಂತ ಅಳುಕೇ ಹೆಚ್ಚಿತ್ತು. ವಿದ್ಯಾರ್ಥಿ ವೀಸಾದವರಿಗೆ ಹಕ್ಕು ಕೇಳಲು ಧೈರ್ಯ ಸಾಲದು.

ಅಂಗಡಿಯವರು ಹೇಳಿದ್ದು ತಪ್ಪು. ನಮ್ಮ ಎಷ್ಟೋ ಮನೆಗಳ ಮಕ್ಕಳು ಇಂದು ಬ್ರಿಟನ್ನಿನಲ್ಲಿ ಓದುತ್ತಾ ದುಡಿಯುತ್ತಿರುವುದರಿಂದ ಇದನ್ನು ವಿವರವಾಗಿ ಬರೆಯುತ್ತಿದ್ದೇನೆ.

ಬ್ರಿಟನ್ನಿನಲ್ಲಿ 1998ರ ಕೆಲಸದ ಅವಧಿಯ ನಿಯಮಗಳ ಪ್ರಕಾರ ಪ್ರತಿಯೊಬ್ಬ ಕೆಲಸಗಾರನಿಗೂ ವರ್ಷಕ್ಕೆ ಕನಿಷ್ಠ 5.6 ವಾರಗಳ ಸಂಬಳಸಹಿತ ರಜೆ ಇದೆ. 'ವಾರ' ಎಂದರೆ ಅವರವರ ಕೆಲಸದ ವಾರ. ಐದು ದಿನ ದುಡಿಯುವವನಿಗೆ 5 x 5.6, ಅಂದರೆ 28 ದಿನ. ಮೂರು ದಿನದವಳಿಗೆ 16.8 ದಿನ. ಎರಡು ದಿನದವರಿಗೆ 11.2. ಆರು ದಿನ ದುಡಿದರೆ ಗುಣಾಕಾರ 33.6 ಕೊಟ್ಟರೂ ಕಾನೂನಿನ ಮಿತಿ 28ಕ್ಕೇ ನಿಲ್ಲುತ್ತದೆ. ಒಂದು ದಿನ ನಾಲ್ಕು ಗಂಟೆ, ಇನ್ನೊಂದು ದಿನ ಎಂಟು ಗಂಟೆ ಎಂದು ಏರುಪೇರಿದ್ದರೆ ಗಂಟೆಯಲ್ಲೇ ಲೆಕ್ಕ ಹಾಕುವುದು ಒಳ್ಳೆಯದು: ವಾರಕ್ಕೆ 18 ಗಂಟೆಯಾದರೆ ವರ್ಷಕ್ಕೆ 100.8 ಗಂಟೆ.

ಮೊದಲ ವರ್ಷದಲ್ಲಿ ಈ ರಜೆ ತಿಂಗಳಿಗೆ ಹನ್ನೆರಡನೇ ಒಂದು ಪಾಲಿನಂತೆ ಕೂಡುತ್ತಾ ಹೋಗುತ್ತದೆ. ನಮ್ಮ ಹುಡುಗಿ ಸೇರಿ ಆರು ತಿಂಗಳಾಗಿತ್ತು. 16.8ರ ಅರ್ಧ 8.4; ಅದನ್ನು ಅರ್ಧ ದಿನಕ್ಕೆ ಏರಿಸಬೇಕಾದ್ದರಿಂದ ಎಂಟೂವರೆ ದಿನ. ಆಕೆ ಕೇಳಿದ್ದು ಒಂದೇ ದಿನ!

ಹೆಚ್ಚಿನವರು ಮೋಸ ಹೋಗುವುದು ಬ್ಯಾಂಕ್ ಹಾಲಿಡೇ ಲೆಕ್ಕದಲ್ಲಿ. ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ ವರ್ಷಕ್ಕೆ ಎಂಟು ಸಾರ್ವಜನಿಕ ರಜೆಗಳು, ಅವುಗಳಲ್ಲಿ ಹಲವು ಸೋಮವಾರವೇ ಬರುತ್ತವೆ. ಪೂರ್ಣಾವಧಿಯವರಿಗೆ '20 ದಿನ, ಜೊತೆಗೆ ಬ್ಯಾಂಕ್ ಹಾಲಿಡೇ' ಎಂದು ಕೊಡುವ ಮಾಲೀಕ, ಮೂರು ದಿನದವಳಿಗೆ 20ರ ಐದನೇ ಮೂರು ಪಾಲು, ಅಂದರೆ 12 ದಿನ ಕೊಟ್ಟು ಕೈತೊಳೆದುಕೊಳ್ಳುತ್ತಾನೆ. ಸೋಮವಾರ ಕೆಲಸವೇ ಇಲ್ಲದವಳಿಗೆ ಸೋಮವಾರದ ರಜೆಯಿಂದ ಏನು ಬಂತು? ಅವಳ ಪಾಲು 28ರ ಐದನೇ ಮೂರು, ಅದೇ 16.8. ನಾಲ್ಕು ಮುಕ್ಕಾಲು ದಿನಕ್ಕೂ ಹೆಚ್ಚಿನ ಸಂಬಳ ಸದ್ದಿಲ್ಲದೆ ಅಂಗಡಿಯವನ ಗಲ್ಲಾಕ್ಕೆ ಹೋಗುತ್ತದೆ. ಅರೆಕಾಲಿಕರೆಂಬ ಕಾರಣಕ್ಕೆ ಅವರನ್ನು ಕೀಳಾಗಿ ನಡೆಸಿಕೊಳ್ಳಬಾರದು ಎಂದು 2000ದ ನಿಯಮಗಳೂ ಇವೆ.

ಇನ್ನು ಒಂದು ವಾರ ಹತ್ತು ಗಂಟೆ, ಮುಂದಿನ ವಾರ ಇಪ್ಪತ್ತು ಗಂಟೆ ಎಂದು ಕರೆದಾಗ ಹೋಗುವವರ ಲೆಕ್ಕ ಬೇರೆ. 2024ರ ಏಪ್ರಿಲ್ 1ರ ನಂತರ ಆರಂಭವಾದ ರಜಾವರ್ಷಗಳಲ್ಲಿ, ಅವರು ದುಡಿದ ಗಂಟೆಗಳ ಶೇ. 12.07ರಷ್ಟು ರಜೆ ಕೂಡುತ್ತದೆ. 52 ವಾರಗಳಲ್ಲಿ 5.6 ರಜೆ ಕಳೆದರೆ ಉಳಿಯುವುದು 46.4, 5.6ನ್ನು ಅದರಿಂದ ಭಾಗಿಸಿದರೆ ಸಿಗುವುದೇ ಈ 12.07. ತಿಂಗಳಿಗೊಮ್ಮೆ ಸಂಬಳ ಪಡೆಯುವವರು 65 ಗಂಟೆ ದುಡಿದಿದ್ದರೆ 7.85 ಗಂಟೆ, ಅರ್ಧ ಗಂಟೆ ಮೀರಿದ್ದರಿಂದ ಎಂಟು ಎಂದು ಹಿಡಿಯಬೇಕು. ಇಂಥವರಿಗೆ ರಜೆಯ ಹಣವನ್ನು ಸಂಬಳದೊಂದಿಗೇ ಕೊಟ್ಟುಬಿಡಲು ಅವಕಾಶವಿದೆ. ಆದರೆ ಅದು ಪೇ ಸ್ಲಿಪ್‌ನಲ್ಲಿ ಬೇರೆ ಸಾಲಾಗಿ ಕಾಣಬೇಕು. 'ಗಂಟೆಯ ದರದಲ್ಲೇ ಎಲ್ಲ ಸೇರಿದೆ' ಎಂಬ ಬಾಯಿಮಾತು ನಡೆಯದು.

ಈದ್ ದಿನ ರಜೆ ಕೊಡಲೇಬೇಕೆಂಬ ಪ್ರತ್ಯೇಕ ಕಾನೂನು ಅಲ್ಲಿಲ್ಲ. ನಮ್ಮ ಪಾಲಿನ ರಜೆಯಿಂದಲೇ ಕೇಳಬೇಕು. ಒಪ್ಪಂದದಲ್ಲಿ ಬೇರೆ ಷರತ್ತಿಲ್ಲದಿದ್ದರೆ, ಬೇಕಾದ ರಜೆಯ ಎರಡು ಪಟ್ಟು ದಿನ ಮುಂಚೆ ತಿಳಿಸಬೇಕು: ಒಂದು ದಿನಕ್ಕೆ ಎರಡು ದಿನ, ಎರಡು ದಿನಕ್ಕೆ ನಾಲ್ಕು. ಆ ದಿನ ಆಗದು ಎನ್ನಲು ಮಾಲೀಕನಿಗೂ ಅಧಿಕಾರವಿದೆ, ಆದರೆ ಅವನೂ ರಜೆಯಷ್ಟೇ ದಿನ ಮುಂಚಿತವಾಗಿ ಹೇಳಬೇಕು. ಚಂದ್ರದರ್ಶನದ ಮೇಲೆ ನಿಲ್ಲುವ ಹಬ್ಬಕ್ಕೆ ಇದು ತುಸು ಕಷ್ಟವೇ. ಆದ್ದರಿಂದ ಸಾಧ್ಯವಿರುವ ಎರಡೂ ತಾರೀಕುಗಳನ್ನು ರಮಝಾನ್ ಆರಂಭದಲ್ಲೇ ಬರೆದು ಕೊಡುವುದು ಜಾಣತನ.

ಕೆಲಸ ಬಿಡುವಾಗ ಬಳಸದೆ ಉಳಿದ ರಜೆಗೆ ಹಣ ಸಿಗಬೇಕು. ಸಿಗದಿದ್ದರೆ ಏಕಾಸ್ ಎಂಬ ಸಂಸ್ಥೆ ಉಚಿತವಾಗಿ ಸಲಹೆ ಕೊಡುತ್ತದೆ. ದೂರಿಗೆ ಕಾಲಮಿತಿ ಇರುವುದರಿಂದ ಊರಿಗೆ ಬಂದ ಮೇಲೆ ನೋಡೋಣ ಎಂದು ಕೂರಬಾರದು.

ನಮ್ಮ ಹುಡುಗಿ ಜಗಳ ಮಾಡಲಿಲ್ಲ. 3 x 5.6 ಎಂಬ ಲೆಕ್ಕವನ್ನು ನಾಲ್ಕು ಸಾಲಿನ ಇಮೇಲ್‌ನಲ್ಲಿ ಬರೆದು, ತನ್ನ ಪೇ ಸ್ಲಿಪ್‌ಗಳನ್ನು ಜೊತೆಗಿಟ್ಟು ಕಳಿಸಿದಳು. ಮೂರನೇ ದಿನ ಉತ್ತರ ಬಂತು: ಈದ್ ದಿನ ರಜೆ, ಆರು ಗಂಟೆಯ ಸಂಬಳ ಸಹಿತ. ಉಳಿದ ಏಳೂವರೆ ದಿನವನ್ನು ಪರೀಕ್ಷೆಯ ಹೊತ್ತಿಗೆ ಇಟ್ಟುಕೊಂಡಿದ್ದಾಳೆ.